ತಾಯಿಚಿಟ್ಟೆಯ ಪರೀಕ್ಷೆ

ನಲವತ್ತೊಂದನೆಯ ಗಾಜಿನಲ್ಲಿ ಮಿನುಗುತ್ತಿದ್ದದ್ದು ರೋಗದ ಕಣವೋ ಕೊಬ್ಬಿನ ಹನಿಯೋ ಕೆಂಪರಾಜುವಿಗೆ ಗೊತ್ತಾಗಲಿಲ್ಲ. ಎರಡು ಇದ್ದವು, ಅಥವಾ ಒಂದೇ ಇದ್ದು, ಕಣ್ಣು ಮಿಟುಕಿಸಿದಾಗ ಎರಡಾಗಿ ಕಂಡಿತ್ತು. ಕೊಬ್ಬಾದರೆ ಗುಂಡಗಿರುತ್ತದೆ, ಒಂದು ದೊಡ್ಡದು ಒಂದು ಚಿಕ್ಕದು. ಪೆಬ್ರಿನ್ ರೋಗದ ಕಣಗಳಾದರೆ ಎಲ್ಲವೂ ಒಂದೇ ಅಳತೆ, ಅಕ್ಕಿಕಾಳಿನ ಆಕಾರ, ಇದ್ದಲ್ಲೇ ನಡುಗುವ ಹೊಳಪು. ಒಂಬತ್ತು ವರ್ಷಗಳಿಂದ ರೈತರಿಗೆ ರೇಷ್ಮೆಮೊಟ್ಟೆ ಕೊಡುವ ರಾಮನಗರದ ಈ ಬಿತ್ತನೆ ಕೋಠಿಯಲ್ಲಿ ಕೂತು ರೇಷ್ಮೆಚಿಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿರುವವನಿಗೆ ಇದು ಪ್ರಶ್ನೆಯೇ ಆಗಬಾರದಿತ್ತು. ಪಕ್ಕದ ಮೇಜಿನಲ್ಲಿ ಸಾಬಿರಾ ನಲವತ್ತೆರಡನೆಯ ಚಿಟ್ಟೆಯನ್ನು ಪುಟ್ಟ ಪಿಂಗಾಣಿ ಕಲ್ಲಿಗೆ ಹಾಕಿ, ದ್ರಾವಣ ಬಿಟ್ಟು ಅರೆಯುತ್ತಿದ್ದಳು. ಅರೆಯುವ ಸದ್ದು ನಿಂತಿತು. ಅವಳು ತನ್ನನ್ನು ನೋಡುತ್ತಿದ್ದಾಳೆಂದು ತಲೆ ಎತ್ತದೆಯೇ ಅವನಿಗೆ ತಿಳಿಯಿತು. ಕೆಲಸದ ಕ್ರಮ ಇಬ್ಬರಿಗೂ ಬಾಯಿಪಾಠ: ಚಿಟ್ಟೆ ಮೊಟ್ಟೆಯಿಟ್ಟ ಮಾರನೆಯ ದಿನ ತಾಯಿಯನ್ನು ಅರೆದು ನೋಡಬೇಕು, ತಾಯಿಯಲ್ಲಿ ರೋಗ ಕಂಡರೆ ಅವಳ ಸಂಖ್ಯೆ ಬರೆದ ಮೊಟ್ಟೆಹಾಳೆಯನ್ನು ಒಲೆಗೆ ಹಾಕಬೇಕು. ಮೊಟ್ಟೆಗಳನ್ನು ಯಾರೂ ನೋಡುವುದಿಲ್ಲ. ಅನುಮಾನ ಬಂದರೂ ಸುಡುವುದೇ. ಒಂದು ಹಾಳೆ ತಪ್ಪಿಸಿಕೊಂಡರೆ ಚನ್ನಪಟ್ಟಣದಿಂದ ಮಾಗಡಿಯವರೆಗೆ ಯಾರದೋ ಮನೆಯ ತಟ್ಟೆಗಳಲ್ಲಿ ಹುಳುಗಳು ಸಾಯುತ್ತವೆ. ಇಷ್ಟು ಸರಳವಾದ ಕೆಲಸದ ನಡುವೆ ತನ್ನ ಕೈ ಏಕೆ ನಿಂತಿತು ಎಂದು ಅವನು ಯೋಚಿಸಿದ. ಹಾಗೆ ಯೋಚಿಸುವಾಗಲೂ ಗಾಜಿನ ಕೆಳಗೆ ಅದು ಮಿನುಗುತ್ತಲೇ ಇತ್ತು.

'ಪಕ್ಕಕ್ಕಿಡಮ್ಮ ಇದನ್ನ,' ಎಂದ. ಸಾಬಿರಾ ಗಾಜನ್ನು ಎತ್ತಿಟ್ಟಳು. ಪಕ್ಕಕ್ಕಿಡುವುದು ಎಂಬುದು ಕೋಠಿಯಲ್ಲಿ ಇರಲಿಲ್ಲ. ಅವಳು ನಲವತ್ತೆರಡನೆಯದನ್ನು ಮತ್ತೆ ಅರೆಯತೊಡಗಿದಳು.

ನಿನ್ನೆ ಮಧ್ಯಾಹ್ನ ಇಸ್ಮತ್ ಫೋನ್ ಮಾಡಿದ್ದಳು. ಎಂ.ಎಸ್ಸಿಯಲ್ಲಿ ಅವನ ಜೊತೆ ಓದಿದವಳು, ಈಗ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸ್ತನ ಕ್ಯಾನ್ಸರಿನ ಮೇಲೆ ಕೆಲಸ ಮಾಡುತ್ತಿದ್ದಾಳೆ. ಎರಡೂವರೆ ವರ್ಷದ ಹಿಂದೆ ಅಕ್ಕನ ಎಡ ಮೊಲೆ ತೆಗೆದಾಗ, ಆ ಗಡ್ಡೆಯ ಒಂದು ಚೂರನ್ನು ಸಂಶೋಧನೆಗೆ ಕೊಡಬಹುದೇ ಎಂದು ಕೇಳಿದವಳೂ ಇವಳೇ. ಅಕ್ಕ ಹೆಬ್ಬೆಟ್ಟು ಒತ್ತಿದಳು, ಇವನು ಕೆಳಗೆ ಸಾಕ್ಷಿ ಹಾಕಿದ. ಕೊಟ್ಟದ್ದು ಮರೆತೇ ಹೋಗಿತ್ತು. ಇಸ್ಮತ್ ನಿಧಾನವಾಗಿ, ಪಾಠ ಹೇಳುವ ಹಾಗೆ ಹೇಳಿದಳು. ಕೆಟ್ಟುಹೋದ ಕೋಶಕ್ಕೆ ಸಾಯಿ ಎಂದು ಹೇಳುವ ಒಂದು ಜೀನ್ ಇದೆ. ಅಕ್ಕನ ಗಡ್ಡೆಯಲ್ಲಿ ಅದು ಮಾತಾಡುತ್ತಿಲ್ಲ. ಹಾಳಾಗಿದೆ ಅಂದುಕೊಂಡು ಒಂದೊಂದೇ ಅಕ್ಷರ ಓದಿಸಿದರೆ ಎಲ್ಲವೂ ಸರಿಯಾಗಿದೆ, ಒಂದಕ್ಷರವೂ ಅಳಿಸಿಲ್ಲ. ಆದರೆ ಅದು ಶುರುವಾಗುವ ಜಾಗದಲ್ಲಿ ಮಿಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪುಗಳು ಒತ್ತೊತ್ತಾಗಿ ಕೂತುಬಿಟ್ಟಿವೆ, ಓದಲು ಬರುವವರಿಗೆ ಕೈಯಿಡಲು ಜಾಗವಿಲ್ಲ. ಇದೆ, ಆದರೆ ಮುಚ್ಚಿದೆ. ಗಡ್ಡೆಯ ಪಕ್ಕದ ಒಳ್ಳೆಯ ಭಾಗದಲ್ಲೂ ಅಕ್ಕನ ರಕ್ತದಲ್ಲೂ ಆ ಮುಚ್ಚಳ ಇಲ್ಲ. ಇಂಥದೇ ಮುಚ್ಚಳವಿರುವ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಒಂದು ಔಷಧಿ ಹಾಕಿ ಅದನ್ನು ತೆಗೆದರೆ ಮರೆತದ್ದು ನೆನಪಾದಂತೆ ನಾಲ್ಕೈದು ದಿನದಲ್ಲಿ ಸಾಯತೊಡಗುತ್ತವೆ. 'ತಟ್ಟೆಯಲ್ಲಿ ಮಾತ್ರ ಕೆಂಪರಾಜ್,' ಎಂದಳು.

ಹಾಗಾದರೆ ಭಾನುಗೆ, ಎಂದು ಅವನು ಕೇಳಿದ್ದ. ಅಕ್ಕನ ಮಗಳಿಗೆ. ಇದು ಹುಟ್ಟಿನಿಂದ ಬಂದದ್ದಲ್ಲ, ಆಮೇಲೆ ಆ ಜಾಗದಲ್ಲಿ ಆದದ್ದು, ಆದರೆ ನಾವು ನೋಡಿರುವುದು ಒಂದೇ ಒಂದು ಜೀನ್, ಉಳಿದವನ್ನು ನೋಡಿಲ್ಲ, ಇದು ಸಂಶೋಧನೆ ಹೊರತು ರೋಗದ ಪರೀಕ್ಷೆ ಅಲ್ಲ, ಇದನ್ನಿಟ್ಟುಕೊಂಡು ಯಾರಿಗೂ ಏನೂ ಹೇಳಬೇಡ, ಹುಡುಗಿಯನ್ನು ಆಗಾಗ ಡಾಕ್ಟರಿಗೆ ತೋರಿಸುತ್ತಿರಿ, ಎಂದಳು ಇಸ್ಮತ್. ಅವನು ಎಲ್ಲದಕ್ಕೂ ಹೂಂ ಎಂದ. ಫೋನ್ ಇಟ್ಟ ಮೇಲೆ ನೋಡಿಕೊಂಡರೆ ಒಳಗೆ ಉಳಿದದ್ದು ಮೊದಲ ಮಾತು ಮಾತ್ರ. ಹುಟ್ಟಿನಿಂದ ಬಂದದ್ದಲ್ಲ. ಆ ಮಾತು ಸಮಾಧಾನ ತರಬೇಕಿತ್ತು. ಅದರ ಬದಲು, ಮುಗಿದುಹೋದ ಪರೀಕ್ಷೆಯಲ್ಲಿ ತಾನು ಬರೆದ ಉತ್ತರ ತಪ್ಪೆಂದು ಯಾರೋ ದಾರಿಯಲ್ಲಿ ನಿಲ್ಲಿಸಿ ಹೇಳಿದಂತಾಗಿತ್ತು.

ಭಾನುಪ್ರಿಯಳ ನಾಮಕರಣದ ದಿನ ಅವನಿಗೆ ಹನ್ನೆರಡು ವರ್ಷ. ಅವ್ವ ತೀರಿಹೋದ ಮೇಲೆ ಅವನನ್ನು ಸಾಕಿದ ಅಕ್ಕ ವೆಂಕಟಲಕ್ಷ್ಮಮ್ಮ, ಅಕ್ಕೂರಿನ ಮನೆಯ ಜಗುಲಿಯಲ್ಲಿ ಮಗುವನ್ನು ಅವನ ತೊಡೆಯ ಮೇಲೆ ಮಲಗಿಸಿ, ತಕ್ಕೊಳಪ್ಪ ನಿನ್ನೆಂಡ್ತೀನ, ನೀನೇ ಸಾಕು ಎಂದಾಗ ಸೇರಿದ್ದವರೆಲ್ಲ ನಕ್ಕಿದ್ದರು. ಮಗು ಅವನ ಚಡ್ಡಿಯನ್ನು ಒದ್ದೆ ಮಾಡಿತ್ತು. ಅಕ್ಕನ ಮಗಳು ಸೋದರಮಾವನಿಗೆ ಎನ್ನುವುದು ಆ ಸೀಮೆಯಲ್ಲಿ ಯಾರೂ ಹೊಸದಾಗಿ ತೀರ್ಮಾನಿಸುವ ವಿಷಯವಲ್ಲ. ಅವನೂ ಬೇರೆ ಯೋಚಿಸಿರಲಿಲ್ಲ, ಅಥವಾ ಯೋಚಿಸದೇ ಇರುವುದನ್ನೇ ಒಪ್ಪಿಗೆ ಅಂದುಕೊಂಡಿದ್ದ. ಆಸ್ಪತ್ರೆಯ ಕಾರಿಡಾರಿನಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದಾಗ ಬೇಡವೆನ್ನುವ ಯೋಚನೆ ಬಂತು. ಎದುರಿನ ಬಾಗಿಲ ಹಿಂದೆ ಅಕ್ಕನನ್ನು ಕೊಯ್ಯುತ್ತಿದ್ದರು, ಪಕ್ಕದಲ್ಲಿ ಭಾನು ಅಕ್ಕನ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಹಿಡಿದುಕೊಂಡಿದ್ದಳು. ಅವನು ಅವಳ ಕಡೆ ನೋಡಿದ. ತಾಯಿಯ ಸಂಖ್ಯೆ, ಹಾಳೆಯ ಸಂಖ್ಯೆ. ಅಷ್ಟೇ. ಒಂದು ಕ್ಷಣವೂ ಹಿಡಿಯಲಿಲ್ಲ. ಆಮೇಲೆ ಎಷ್ಟೋ ಸಲ ತನಗೆ ತಾನೇ ವಾದ ಹೂಡಿದ: ಪೆಬ್ರಿನ್ ಪರೋಪಜೀವಿಯಿಂದ ಬರುವ ರೋಗ, ಅದು ತಾಯಿಯಿಂದ ನೇರ ಮೊಟ್ಟೆಗೆ ಹೋಗುತ್ತದೆ, ಕ್ಯಾನ್ಸರ್ ಹಾಗಲ್ಲ, ಎರಡಕ್ಕೂ ಸಂಬಂಧವೇ ಇಲ್ಲ, ಇದು ತನಗೆ ಚೆನ್ನಾಗಿ ಗೊತ್ತಿದೆ. ಗೊತ್ತಿದ್ದದ್ದು ಉಪಯೋಗಕ್ಕೆ ಬರಲಿಲ್ಲ. ಕೈಗೆ ಅಂಟಿದ ಅಭ್ಯಾಸ ತೀರ್ಪು ಕೊಟ್ಟುಬಿಟ್ಟಿತ್ತು.

ಅಕ್ಕ ತಲೆಗೆ ವಸ್ತ್ರ ಸುತ್ತಿಕೊಂಡು, ಕೂದಲು ಇನ್ನೂ ಬರುವ ಮೊದಲೇ, ಮದುವೆಯ ಮಾತೆತ್ತಿದಳು. ನಾನಿರುವಾಗಲೇ ಆಗಿಬಿಡಲಿ ಎಂದಳು. ಅವನು ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಚಿತ್ರ ಬರೆದ. ಇದು ಅಪ್ಪ, ಇದು ಅವ್ವ, ಇದು ನೀನು, ಇದು ನಾನು, ಇದು ಭಾನು. ಒಂದೇ ಕೆಟ್ಟ ಜೀನ್ ಎರಡೂ ಕಡೆಯಿಂದ ಬಂದು ಸೇರಿದರೆ ಮಕ್ಕಳಿಗೆ ತೊಂದರೆ. ಚೌಕ, ವೃತ್ತ, ನಡುವೆ ಗೆರೆ. ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಒಳಗಿನ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದ ಭಾನುವಿನ ಕೈ ನಿಲ್ಲಲಿಲ್ಲ. ಅಕ್ಕ ಚಿತ್ರವನ್ನು ಬಹಳ ಹೊತ್ತು ನೋಡಿ, ಸರಿ ಬುಡು ಎಂದಳು. ಅಂದಿನಿಂದ ಕೇಳಿದವರಿಗೆಲ್ಲ, ಕೇಳದವರಿಗೂ, ನಮ್ಮ ಕೆಂಪ ಸೈನ್ಸ್ ಓದವ್ನೆ, ಹತ್ರದ ಸಂಬಂಧ ಆಗ್ಬಾರ್ದಂತೆ, ಮಕ್ಳಿಗೆ ಒಳ್ಳೇದಲ್ವಂತೆ ಎಂದು ಹೇಳಿಕೊಂಡು ಬಂದಳು. ಹಾಗೆ ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿರುತ್ತಿತ್ತು. ಆ ಹೆಮ್ಮೆ ಕಿವಿಗೆ ಬಿದ್ದಾಗಲೆಲ್ಲ ಅವನು ಅಂಗಿಯ ತೋಳಿಗೆ ಅಂಟಿದ ಚಿಟ್ಟೆಯ ಪುಡಿಯನ್ನು ಕೊಡವಿಕೊಳ್ಳುತ್ತಿದ್ದ.

ಹನ್ನೊಂದು ಗಂಟೆಗೆ ನಾಗರಾಜಪ್ಪ ಕೋಠಿಗೇ ಬಂದರು. ಬಿಡದಿಯ ಹತ್ತಿರದ ಹಳ್ಳಿಯವರು. ಅವರ ಮಗನಿಗೆ ಭಾನುವನ್ನು ಕೊಡುವ ಮಾತು ನಡೆಯುತ್ತಿತ್ತು, ಬರುವ ಭಾನುವಾರ ನಿಶ್ಚಿತಾರ್ಥದ ಶಾಸ್ತ್ರ. ಅವರ ಅರ್ಧ ಹೊಲದ ಮೇಲೆ ಈಗ ಕಾರ್ಖಾನೆಯ ಗೋಡೌನುಗಳು ನಿಂತಿವೆ, ಮಗ ಕಾರಿನ ಕಾರ್ಖಾನೆಯಲ್ಲಿ ಪರ್ಮನೆಂಟ್ ಆಗಿದ್ದಾನೆ. ಒಗೆದ ಪಂಚೆ, ಜೇಬಿನಲ್ಲಿ ಮೊಬೈಲು. ಮೇಜಿನ ಮೇಲಿದ್ದ ಚಿಟ್ಟೆಗಳನ್ನೂ ಸಾಬಿರಾಳ ಕೈಯ ಕಲ್ಲನ್ನೂ ನೋಡಿ ಮೂಗಿಗೆ ವಸ್ತ್ರ ಹಿಡಿದರು. ತನ್ನ ಮೈ ಇಷ್ಟು ವರ್ಷ ಹೀಗೆ ನಾರುತ್ತಿತ್ತೇ ಎಂದು ಕೆಂಪರಾಜುವಿಗೆ ಮೊದಲ ಸಲ ಅನ್ನಿಸಿತು. ಎದುರಿನ ಹೋಟೆಲಿಗೆ ಕರೆದುಕೊಂಡು ಹೋದ. ನಾಗರಾಜಪ್ಪ ತಟ್ಟೆ ಇಡ್ಲಿಗೆ ಹೇಳಿ, ಇದು ನಮ್ಮ ಬಿಡದೀದಕ್ಕೆ ಸಮ ಬರಲ್ಲ ಎನ್ನುತ್ತಲೇ ಎರಡು ತಿಂದರು. ಹೆದ್ದಾರಿ ಅಗಲವಾದದ್ದು, ರಾಮನಗರ ಈಗ ಜಿಲ್ಲೆಯಾದದ್ದು, ಮಗನ ಮೂರು ಪಾಳಿಯ ಕೆಲಸ, ಎಲ್ಲ ಆಯಿತು. ಕೈ ತೊಳೆದು ಬಂದು ಕೂತ ಮೇಲೆ, ನಿಮ್ಮ ಅಕ್ಕನವರ ಕಾಯಿಲೆ ವಿಷಯ ಕೇಳಿದೆ ಎಂದರು. ಅಕ್ಕ ಅದನ್ನು ಮುಚ್ಚಿಟ್ಟಿರಲಿಲ್ಲ. ಆಪರೇಷನ್ ಆಗಿದೆ, ವಾಸಿಯಾಗಿದೆ ಎಂದು ಮೊದಲೇ ಹೇಳಿದ್ದಳು. ಆದರೆ ಯಾರೋ ಅವರ ಕಿವಿಯಲ್ಲಿ, ಅದು ತಾಯಿಂದ ಮಗಳಿಗೆ ಇಳಿಯುವ ಕಾಯಿಲೆ ಎಂದು ಹಾಕಿದ್ದರು.

'ಸಕ್ಕರೆ ಕಾಯ್ಲೆ ಗಿಕ್ಕರೆ ಕಾಯ್ಲೆ ಆಗಿದ್ರೆ ನಾನ್ ಬತ್ತಾನೇ ಇರ್ಲಿಲ್ಲ. ನೀವ್ ಓದಿರೋರು, ಅದ್ಕೇ ನಿಮ್ಮತ್ರನೇ ಕೇಳ್ತಾ ಇವ್ನಿ,' ಎಂದು ನಾಗರಾಜಪ್ಪ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು. 'ಅಕ್ಕನ್ ಮಗ್ಳು. ಮೊದ್ಲ ಹಕ್ಕು ನಿಮ್ದು. ನೀವ್ಯಾಕೆ ಬ್ಯಾಡ ಅಂದ್ರಿ?'

ಹತ್ತಿರದ ಸಂಬಂಧ ಎಂದು ಅವನು ಶುರುಮಾಡಿದ. ಎರಡು ವರ್ಷದಿಂದ ಹೇಳಿ ಹೇಳಿ ನುಣುಪಾದ ಮಾತುಗಳು, ತಾವೇ ಹೊರಬಂದವು. ನಾಗರಾಜಪ್ಪ ಪೂರ್ತಿ ಕೇಳಿದರು.

'ನಾನೂ ನಮ್ಮಕ್ಕನ್ ಮಗಳ್ನೇ ಕಟ್ಕಂಡಿರದು,' ಎಂದರು. 'ಮೂರ್ ಮಕ್ಳು. ಒಬ್ಬ ಅಲ್ಲಿ ದಿನಾ ಕಾರ್ ಜೋಡುಸ್ತಾವ್ನೆ. ಅವ್ನಿಗೆ ಯಾವ್ ನಟ್ಟು ಕಮ್ಮಿ ಐತೆ ಯೋಳಿ ನೋಡವಾ.'

ಪಕ್ಕದ ಮೇಜಿನವರು ನಕ್ಕರು. ಕೆಂಪರಾಜು ತಾನೂ ನಗಲು ನೋಡಿದ. ಸುಮ್ಮನೆ ಇನ್ನೊಂದು ವಾಕ್ಯ ಸೇರಿಸಿದ್ದರೆ ಸಾಕಿತ್ತು. ಎಲ್ಲ ಮನೆಯಲ್ಲೂ ಹಾಗಾಗಬೇಕೆಂದಿಲ್ಲ, ನನಗೆ ಯಾಕೋ ಮನಸ್ಸು ಬರಲಿಲ್ಲ, ಚಿಕ್ಕಂದಿನಿಂದ ಎತ್ತಿ ಆಡಿಸಿದ ಹುಡುಗಿ. ಯಾವುದಾದರೂ ನಡೆಯುತ್ತಿತ್ತು. ಆದರೆ ನಿನ್ನೆಯಿಂದ ಒಳಗೆ ಉಳಿದಿದ್ದ ಇಸ್ಮತ್‌ಳ ಆ ಮೊದಲ ಮಾತು, ಹುಟ್ಟಿನಿಂದ ಬಂದದ್ದಲ್ಲ, ಅದನ್ನು ಹೇಳಬೇಕಾದರೆ ಅದಕ್ಕೆ ಮುಂಚಿನದ್ದನ್ನೂ ಹೇಳಬೇಕಿತ್ತು. ಅವನು ಹೇಳಿದ. ನಾನು ಹೆದರಿಕೊಂಡೆ ಎಂದ. ಅಕ್ಕನಿಗೆ ಬಂದದ್ದು ಮಗಳಿಗೂ ಬರುತ್ತದೆ ಅಂದುಕೊಂಡೆ, ಅದಕ್ಕೇ ಬೇಡ ಅಂದೆ, ಸಂಬಂಧದ ಮಾತೆಲ್ಲ ಆಮೇಲೆ ಹುಡುಕಿಕೊಂಡದ್ದು, ಅದು ನನ್ನ ತಪ್ಪು. ಆಮೇಲೆ ಇಸ್ಮತ್ ಹೇಳಿದ್ದನ್ನೆಲ್ಲ ಹೇಳತೊಡಗಿದ, ಜೀನ್ ಸರಿಯಾಗಿದೆ, ಮುಚ್ಚಿಕೊಂಡಿದೆ ಅಷ್ಟೆ, ಅದೂ ಗಡ್ಡೆಯಲ್ಲಿ ಮಾತ್ರ. ಹೇಳುತ್ತಾ ಹೇಳುತ್ತಾ ಬೆರಳಿನಿಂದ ಮೇಜಿನ ಮೇಲಿನ ನೀರಿನಲ್ಲಿ ಗೆರೆ ಎಳೆಯುತ್ತಿದ್ದ. ಎದೆಯ ಮೇಲಿಂದ ಏನೋ ಇಳಿಯುತ್ತಿತ್ತು, ಅದು ಅವನಿಗೆ ಹಿತವಾಗಿತ್ತು. ಅಕ್ಕನ ಕಣ್ಣ ಮುಂದೆ ಬರೆದ ಚಿತ್ರದಲ್ಲೂ ಇಂಥದೇ ಗೆರೆಯಿತ್ತು ಎಂಬುದು ನೀರು ಆರಿದ ಮೇಲೆ ಹೊಳೆಯಿತು.

ನಾಗರಾಜಪ್ಪ ಕೇಳಿದ್ದು ಒಂದೇ. 'ಹಂಗಾರೆ ಆ ಹುಡ್ಗೀಗೆ ಬರಲ್ಲ ಅಂತ ಯೋಳ್ತೀರಾ?'

'ಹಾಗೆ ಹೇಳೋಕೆ ಬರಲ್ಲ. ಅವರು ನೋಡಿರೋದು ಒಂದೇ ಜೀನ್. ಬರಲ್ಲ ಅಂತ ಯಾರ ಬಗ್ಗೆನೂ ಹೇಳೋಕಾಗಲ್ಲ ನಾಗರಾಜಪ್ಪ. ನನ್ನ ಬಗ್ಗೆನೂ, ನಿಮ್ಮ ಬಗ್ಗೆನೂ.'

ಅವರು ತಲೆಯಾಡಿಸಿದರು. ಕೋಪ ಮಾಡಿಕೊಳ್ಳಲಿಲ್ಲ. ನೀವು ನಿಜ ಹೇಳಿದ್ದು ಒಳ್ಳೆಯದಾಯಿತು ಎಂದು, ಬಿಲ್ಲನ್ನು ತಾವೇ ಕೊಟ್ಟು, ಬಸ್ ನಿಲ್ದಾಣದ ಕಡೆ ಹೊರಟರು. ಕೆಂಪರಾಜು ಕೋಠಿಯ ಮೆಟ್ಟಿಲ ಮೇಲೆ ನಿಂತು ಅವರು ರಸ್ತೆ ದಾಟುವುದನ್ನು ನೋಡಿದ. ಒಳ್ಳೆಯದು ಎಂದರಲ್ಲ ಎಂದುಕೊಂಡ. ಯಾರಿಗೆ ಎಂದು ಅವರು ಹೇಳಿರಲಿಲ್ಲ.

ಮಧ್ಯಾಹ್ನ ನಲವತ್ತೊಂದನೆಯ ಗಾಜನ್ನು ಮತ್ತೆ ಇಟ್ಟು ನೋಡಿದ. ಹನಿ ಆರಿ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಮಿನುಗುವುದೆಲ್ಲ ನಿಂತು, ರೆಕ್ಕೆಯ ಪುಡಿಯ ನಡುವೆ ಯಾವುದು ಏನೆಂದು ಇನ್ನು ಯಾವ ಕಾಲಕ್ಕೂ ತಿಳಿಯುವಂತಿರಲಿಲ್ಲ. ಸಾಬಿರಾ ಮೊಟ್ಟೆಹಾಳೆ ಹಿಡಿದುಕೊಂಡು ನಿಂತಿದ್ದಳು. ನಾನೂರಕ್ಕೂ ಮೇಲೆ ಮೊಟ್ಟೆ, ಹಳದಿ, ಒಂದರ ಪಕ್ಕ ಒಂದು, ಎಲ್ಲೂ ಗುಂಪಾಗದೆ ಇಟ್ಟದ್ದು. ಒಳ್ಳೆಯ ಚಿಟ್ಟೆ ಇಡುವ ಹಾಗೆ.

'ಅನುಮಾನ ಅಂದ್ರೆ ಸುಡೋದೇ ಅಲ್ವಾ ಸಾರ್,' ಎಂದಳು.

'ಹೌದು. ಸುಡು,' ಎಂದ. ಅದು ಸರಿಯಾದ ಉತ್ತರವಾಗಿತ್ತು. ಇಲ್ಲಿ ಸರಿಯಾದದ್ದು ಅಲ್ಲಿ ತಪ್ಪಾದದ್ದು ಹೇಗೆ, ಎಲ್ಲಿಂದ ಎಲ್ಲಿಗೆ ಬಂದಾಗ ತಪ್ಪಾಯಿತು ಎಂದು ಅವನು ಸಂಜೆ ಚನ್ನಪಟ್ಟಣದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಯೋಚಿಸಿದ. ಕಂಪನಿಗಳ ಬಿಳಿ ಬಸ್ಸುಗಳು ಎದುರಿನಿಂದ ಸಾಲಾಗಿ ಬರುತ್ತಿದ್ದವು, ಕಿಟಕಿ ಕಿಟಕಿಗೂ ಒಂದೇ ಬಣ್ಣದ ಅಂಗಿ, ತೂಗುವ ತಲೆ. ಎಂ.ಎಸ್ಸಿಯಲ್ಲಿದ್ದಾಗ ಒಮ್ಮೆ ಗೂಡು ಕಟ್ಟಿ ಮುಗಿಸಿದ ಹುಳುವನ್ನು ಕೊಯ್ದು ನೋಡಿದ್ದ. ಎರಡು ದಿನದ ಹಿಂದೆ ಮೈತುಂಬ ಇದ್ದ ರೇಷ್ಮೆಗ್ರಂಥಿ ಕರಗಿ ತುಂಡಾಗುತ್ತಿತ್ತು. ಯಾರೂ ಕೊಂದದ್ದಲ್ಲ. ಕೆಲಸ ಮುಗಿಯಿತು, ಸಾಯಿ ಎಂಬ ಅಪ್ಪಣೆ ಬಂತು, ಕೋಶಗಳು ಸತ್ತವು, ಅದಕ್ಕೇ ಚಿಟ್ಟೆಯಾಗಲು ಜಾಗವಾಯಿತು. ಪಕ್ಕದಲ್ಲಿದ್ದ ಇಸ್ಮತ್, ಎಷ್ಟು ಮರ್ಯಾದಸ್ಥ ಸಾವು ನೋಡು ಎಂದಿದ್ದಳು. ತನ್ನೊಳಗೆ ಸಾಯಬೇಕಾಗಿದ್ದು ಯಾವುದು, ಅದು ಇವತ್ತು ಸತ್ತಿತೇ ಇಲ್ಲವೇ. ಬೆಳಿಗ್ಗೆ ಹಗುರವಾದ ಎದೆ ಈಗ ಖಾಲಿಯೆನ್ನಿಸುತ್ತಿತ್ತು. ಟಿಕೆಟ್ ಎಂದು ಕಂಡಕ್ಟರ್ ಎರಡನೆಯ ಸಲ ಕೂಗಿದಾಗ ಅವನಿಗೆ ಕೇಳಿಸಿತು.

ಅಕ್ಕೂರಿನ ಮನೆಯಲ್ಲಿ ಅವತ್ತು ಹುಳು ಹಣ್ಣಾಗಿದ್ದವು. ಸೊಪ್ಪು ಬಿಟ್ಟು ತಲೆಯೆತ್ತಿ, ಗೂಡು ಕಟ್ಟಲು ಜಾಗ ಹುಡುಕುವ ಹೊತ್ತು. ಒಂದೊಂದನ್ನೂ ಆರಿಸಿ ಬಿದಿರಿನ ಸುರುಳಿ ಹೆಣೆದ ಚಂದ್ರಂಕಿಗೆ ಬಿಡಬೇಕು, ತಡವಾದರೆ ನೂಲು ದಂಡ. ಅಕ್ಕ ಬಾಗಿಲ ಬೆಳಕಿಗೆ ಕೂತು ಬಲಗೈಯಲ್ಲಿ ಆರಿಸುತ್ತಿದ್ದಳು. ಆಪರೇಷನ್ ಆದ ಕಡೆಯ ಕೈ ಬಾತು, ಮಡಿಲಲ್ಲಿ ಬೇರೆಯವರದೆಂಬಂತೆ ಬಿದ್ದಿತ್ತು. ಒಳಗೆ ಭಾನು ತುಂಬಿದ ಚಂದ್ರಂಕಿಗಳನ್ನು ಗೋಡೆಗೆ ಒರಗಿಸುತ್ತಿದ್ದಳು. ಅಕ್ಕ ಅವನ ಮುಂದೆ ಹುಳುವಿನ ಒಂದು ತಟ್ಟೆ ತಳ್ಳಿದಳು. ಅವನು ಚಪ್ಪಲಿ ಬಿಟ್ಟು, ಕೈ ತೊಳೆದು ಬಂದು ಕೂತ.

'ನಾಗರಾಜಪ್ಪ ಫೋನ್ ಮಾಡಿದ್ರು,' ಎಂದಳು ಅಕ್ಕ. 'ಒಸಿ ದಿನ ಓಗ್ಲಿ ಅಂದ್ರು.'

ಒಸಿ ದಿನ ಎಂದರೆ ಏನೆಂದು ಮೂವರಿಗೂ ಗೊತ್ತಿತ್ತು. ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಮನೆಯಲ್ಲಿ ನಿಂತುಹೋಗಿತ್ತು. ಅವನು ತಾನು ಹೇಳಿದ್ದನ್ನು ಹೇಳಿದ. ನಿನ್ನ ಹತ್ತಿರ ಬರೆದು ತೋರಿಸಿದ್ದೆಲ್ಲ ನೆಪ ಎಂದ, ನಾನು ಹೆದರಿದ್ದೆ ಎಂದ, ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಕ್ರಮದಲ್ಲೇ ಎಲ್ಲವನ್ನೂ ಹೇಳಿದ. ಅಕ್ಕ ಮೂರು ಹುಳು ಆರಿಸಿ ಬಿಟ್ಟಳು.

'ನಂಗೊತ್ತಿತ್ತು ಕಣ್ಲಾ,' ಎಂದಳು. 'ನೀನ್ ಆ ಚಿತ್ರ ಬರೀವಾಗ್ಲೇ ಗೊತ್ತಾಯ್ತು. ಒಂದ್ ಕಿತಾನೂ ನನ್ ಮಕ ನೋಡ್ನಿಲ್ಲ ನೀನು.' ಇನ್ನೊಂದು ಹುಳುವನ್ನು ಬೆಳಕಿಗೆ ಹಿಡಿದು ವಾಪಸ್ಸು ತಟ್ಟೆಗೆ ಬಿಟ್ಟಳು. 'ಮಾವನೇ ಎದ್ರುಕಂಡು ಬುಟ್ಟ ಅಂದ್ರೆ ಇನ್ಯಾರ್ಲಾ ಬತ್ತಾರೆ ಈ ಮನೆಗೆ? ಅದ್ಕೇ ನಿನ್ ಮಾತ್ನೇ ಇಟ್ಕಂಡು ಊರೆಲ್ಲಾ ಯೋಳ್ಕಂಡು ಬಂದೆ. ಎಲ್ರೂ ನಂಬಿದ್ರು.'

ಆ ಹೆಮ್ಮೆಯ ದನಿ. ಮದುವೆ ಮನೆಗಳಲ್ಲಿ, ಸಂತೆಯಲ್ಲಿ, ಗೂಡಿನ ಮಾರುಕಟ್ಟೆಯ ಕಟ್ಟೆಯ ಮೇಲೆ. ಅದು ತನ್ನ ಬಗೆಗಿನ ಹೆಮ್ಮೆ ಎಂದುಕೊಂಡು ಅವನು ನಾಚಿದ್ದ. ಬಾತ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳು ಅದನ್ನೇ ಮಗಳ ಮೇಲೆ ಹೊದಿಸುತ್ತಾ ನಡೆದಿದ್ದಳು. ಮುಚ್ಚಿದ್ದೆಲ್ಲ ರೋಗವೆಂದು ತಿಳಿದು ತಾನು ಇವತ್ತು ಬೆಳಿಗ್ಗೆ ಎಳೆದು ತೆಗೆದದ್ದು ಯಾವುದನ್ನು?

'ನಿಂಗೆ ಹಗೂರಾಯ್ತಾ?' ಎಂದು ಅಕ್ಕ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಜ್ವರ ಬಿಟ್ಟಿತಾ ಎಂದು ಚಿಕ್ಕಂದಿನಲ್ಲಿ ಹಣೆ ಮುಟ್ಟಿ ಕೇಳುತ್ತಿದ್ದ ದನಿಯೇ. ಉತ್ತರಕ್ಕೆ ಕಾಯದೆ ತಟ್ಟೆ ಎತ್ತಿಕೊಂಡು, ಒಂದೇ ಕೈಯಲ್ಲಿ ಸೊಂಟಕ್ಕೆ ಒತ್ತಿಕೊಂಡು ಒಳಗೆ ಹೋದಳು. ಎದ್ದು ಹಿಡಿಯಬೇಕೆಂದು ಅವನಿಗೆ ಹೊಳೆಯುವಷ್ಟರಲ್ಲಿ ಹೊಸ್ತಿಲು ದಾಟಿದ್ದಳು.

ಅಕ್ಕ ಕೂತಿದ್ದ ಜಾಗಕ್ಕೆ ಭಾನು ಬಂದು ಕೂತಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ, ಅವತ್ತಿನಂತೆಯೇ. ಅವಳ ಮುಖದಲ್ಲಿ ಏನಿದೆಯೆಂದು ನೋಡಲು ಹೋಗಿ ಅವನ ಕಣ್ಣು ಅವಳ ಬೆರಳುಗಳಲ್ಲೇ ನಿಂತಿತು.

'ಮಾವ, ಆ ಇಸ್ಮತ್ ಮೇಡಂ ನಂಬರ್ ಕೊಡು,' ಎಂದಳು. 'ನನ್ ಬಗ್ಗೆ ಏನ್ ಕೇಳ್ಬೇಕೋ ನಾನೇ ಕೇಳ್ಕೋತೀನಿ.'

ಅವನು ಮೊಬೈಲು ತೆಗೆದು ಅವಳ ಮುಂದೆ ಇಟ್ಟ. ಅವಳು ಹೆಸರು ಹುಡುಕಿ, ಸಂಖ್ಯೆಯನ್ನು ಒಮ್ಮೆ ತುಟಿಯಲ್ಲೇ ಓದಿಕೊಂಡು, ತನ್ನ ಫೋನಿಗೆ ಹಾಕಿಕೊಂಡಳು. ಏನಾದರೂ ಮಾಡಬೇಕೆಂದು ಅವನು ತಟ್ಟೆಯಿಂದ ಒಂದು ಹುಳುವನ್ನು ಎತ್ತಿದ. ಹಣ್ಣಾದ ಹುಳುವಿನ ಮೈಯೊಳಗೆ ಬೆಳಕು ಹಾಯುತ್ತದೆ, ಆಗದಿದ್ದರೆ ಇಲ್ಲ. ಹುಳು ಸಾಕುವವರ ಮನೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತಾಗುತ್ತದೆ. ಬಾಗಿಲ ಕಡೆ ತಿರುಗಿ ಹಿಡಿದ. ಆರುನೂರು ಪಟ್ಟು ದೊಡ್ಡದು ಮಾಡಿ ನೋಡುವ ಕಣ್ಣಿಗೆ ಅದು ಒಮ್ಮೆ ತಿಳಿಯಾಗಿಯೂ ಒಮ್ಮೆ ಬೆಳ್ಳಗೂ ಕಂಡಿತು. ಹುಳು ಅವನ ಬೆರಳ ಸಂದಿಯಲ್ಲಿ ತಲೆಯೆತ್ತಿ ಅತ್ತಿತ್ತ ಆಡಿಸುತ್ತಾ, ಅವನ ಚರ್ಮಕ್ಕೇ ಎಳೆಯ ಮೊದಲ ತುದಿ ಅಂಟಿಸಿತು. ಅವನು ಅಲುಗಾಡಲಿಲ್ಲ.

'ಹಣ್ಣಾಗೈತಲ್ಲ ಮಾವ, ಕಾಣಲ್ವಾ?' ಎಂದು ಭಾನು ಎಳೆಯನ್ನು ಉಗುರಿನಿಂದ ಬಿಡಿಸಿ, ಹುಳುವನ್ನು ಅವನ ಕೈಯಿಂದ ತೆಗೆದುಕೊಂಡು ಚಂದ್ರಂಕಿಯ ಸುರುಳಿಯೊಳಗೆ ಬಿಟ್ಟಳು.